ಎರಡು ಕಣ್ಣಿದ್ದರಷ್ಟೇ ಬದುಕು

ಆ ಮೂಲೆ ಸತ್ತು ಇಪ್ಪತ್ತು ನಡೆ ಕಳೆದಿತ್ತು. ನನಗೊಬ್ಬನಿಗೆ ಮಾತ್ರ ಅದು ಗೊತ್ತಿರಲಿಲ್ಲ. ಹೇಗಾದರೂ ಉಳಿಸಿಕೊಳ್ಳಬೇಕೆಂದು ಒಂದಾದ ಮೇಲೊಂದು ಕರಿ ಕಲ್ಲು ಇಡುತ್ತಲೇ ಹೋದೆ. ಎದುರಾಳಿ ಅತ್ತ ತಿರುಗಿಯೂ ನೋಡದೆ ಉಳಿದ ಮೂರು ಮೂಲೆಗಳನ್ನು ಆರಾಮಾಗಿ ತನ್ನದು ಮಾಡಿಕೊಂಡ. ಮೊಬೈಲ್ ಪರದೆಯ ಮೇಲೆ ಸೋಲಿನ ಅಂಕ ಮೂಡಿದಾಗ ರಾತ್ರಿ ಎರಡೂವರೆ. ಮಗ್ಗುಲಲ್ಲಿದ್ದ ರೂಮ್‌ಮೇಟ್ ಅರೆಗಣ್ಣು ತೆರೆದು, ‘ಲೇ, ನಾಳೆ ಟೆಸ್ಟ್ ಐತಿ, ಸುಮ್ನ ಮಲ್ಕೊ’ ಅಂದ.

ನಾನಿರುವುದು ಧಾರವಾಡದಲ್ಲಿ. ಬಿ.ಕಾಂ ಮುಗಿಸಿ ಮೂರು ವರ್ಷವಾಯಿತು. ಎಫ್‌ಡಿಎ, ಪಿಡಿಒ ಎಂದು ನಾಲ್ಕು ಪರೀಕ್ಷೆ ಬರೆದಿದ್ದೇನೆ. ಒಂದರಲ್ಲಿ ಮೂರೇ ಅಂಕಕ್ಕೆ ಕೈತಪ್ಪಿತು. ಆ ಮೂರು ಅಂಕ ಎಷ್ಟು ಕೆಟ್ಟದ್ದೆಂದರೆ, ಮೂವತ್ತು ಅಂಕ ಕಡಿಮೆ ಬಿದ್ದಿದ್ದರೆ ಬಿಟ್ಟು ಹೋಗುತ್ತಿದ್ದೆನೇನೋ. ಮೂರಕ್ಕೆ ತಪ್ಪಿದವನು ಹೋಗುವುದಿಲ್ಲ, ಇನ್ನೊಂದು ವರ್ಷ ಕೂರುತ್ತಾನೆ.

ಈ ಆಟದ ಗೀಳು ಹಿಡಿದದ್ದೂ ಓದಿನ ನೆಪದಲ್ಲೇ. ಪ್ರಚಲಿತ ವಿದ್ಯಮಾನಕ್ಕೆಂದು ಕೃತಕ ಬುದ್ಧಿಮತ್ತೆಯ ನೋಟ್ಸ್ ಮಾಡುವಾಗ ‘ಆಲ್ಫಾಗೊ’ ಹೆಸರು ಬಂತು. 2016ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಈ ಕಂಪ್ಯೂಟರ್ ಪ್ರೋಗ್ರಾಂ ದಿಗ್ಗಜ ಆಟಗಾರ ಲೀ ಸೆಡೋಲ್ ಅವರನ್ನು 4-1ರಿಂದ ಸೋಲಿಸಿತು. ಯೂಟ್ಯೂಬ್‌ನಲ್ಲಿ ಅದರ ಸಾಕ್ಷ್ಯಚಿತ್ರ ನೋಡಿದೆ. ಮರುದಿನವೇ ಆ್ಯಪ್ ಇಳಿಸಿಕೊಂಡೆ.

ಗೋ ಎಂಬುದು ಜಪಾನಿನ ಹೆಸರು. ಆಟ ಹುಟ್ಟಿದ್ದು ಚೀನಾದಲ್ಲಿ, ಸಾವಿರಾರು ವರ್ಷಗಳ ಹಿಂದೆ. ಕೊರಿಯನ್ನರು ಇದನ್ನು ‘ಬದುಕ್’ ಅನ್ನುತ್ತಾರೆ! ನಮ್ಮ ‘ಬದುಕು’ ಪದಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ಆದರೆ ಈ ಆಟದಲ್ಲಿ ಕಲಿಯಬೇಕಾದ ಮೊದಲ ಪಾಠವೇ ಯಾವ ಗುಂಪು ಬದುಕಿದೆ, ಯಾವುದು ಸತ್ತಿದೆ ಎಂದು ಗುರುತಿಸುವುದು.

ಅಜ್ಜಿಯ ಹುಲಿಯಾಟ ನೆನಪಾಯಿತು

ಚಿಕ್ಕವನಿದ್ದಾಗ ಅಜ್ಜಿ ಕಟ್ಟೆಯ ಮೇಲೆ ಸುಣ್ಣದ ಗೆರೆ ಎಳೆದು ಹುಲಿ-ಕುರಿ ಆಡಿಸುತ್ತಿದ್ದಳು. ಕುರಿಗಳು ಹುಲಿಯನ್ನು ಕಡಿಯುವುದಿಲ್ಲ, ಸುತ್ತುವರಿದು ಅಲುಗಾಡದಂತೆ ಕಟ್ಟಿಹಾಕುತ್ತವೆ. ಗೋ ಆಟದ ಜೀವಾಳವೂ ಅದೇ. 19 ಅಡ್ಡಗೆರೆ, 19 ಉದ್ದಗೆರೆ, ಅವು ಕೂಡುವ 361 ಬಿಂದುಗಳು. ಒಬ್ಬರು ಕಪ್ಪು, ಇನ್ನೊಬ್ಬರು ಬಿಳಿ. ಇಟ್ಟ ಕಲ್ಲನ್ನು ಮತ್ತೆ ಸರಿಸುವಂತಿಲ್ಲ. ಕಲ್ಲಿನ ಪಕ್ಕದ ಖಾಲಿ ಬಿಂದುಗಳನ್ನು ಚೀನಿಯರು ಅದರ ‘ಉಸಿರು’ ಎನ್ನುತ್ತಾರೆ. ಸುತ್ತುವರಿದು ಉಸಿರೆಲ್ಲ ಮುಚ್ಚಿದರೆ ಕಲ್ಲು ಸೆರೆ. ಕೊನೆಗೆ ಹೆಚ್ಚು ಜಾಗ ಯಾರದೋ ಅವರದೇ ಗೆಲುವು.

ಎಲ್ಲರೂ ಮೊದಲು ಓಡುವುದು ಮೂಲೆಗೆ. ಕಾರಣ ಸರಳ ಲೆಕ್ಕ. ಒಂಬತ್ತು ಬಿಂದುಗಳ ಚೌಕವನ್ನು ಮಣೆಯ ನಡುವೆ ಸುತ್ತುವರಿಯಲು 12 ಕಲ್ಲು ಬೇಕು, ಅಂಚಿನಲ್ಲಿ 9, ಮೂಲೆಯಲ್ಲಿ ಆರೇ ಸಾಕು. ಎರಡು ಬದಿಯ ಗೋಡೆ ಪುಕ್ಕಟೆ ಸಿಗುತ್ತದಲ್ಲ! ಮೂಲೆ ಬಂಗಾರ, ಅಂಚು ಬೆಳ್ಳಿ, ನಡುಭಾಗ ಬರೀ ಹುಲ್ಲು ಎಂಬರ್ಥದ ಗಾದೆಯೇ ಚೀನಾದಲ್ಲಿದೆ. ಆದರೆ ಅದೇ ಗೋಡೆ ಓಡಿಹೋಗುವ ದಾರಿಯನ್ನೂ ಮುಚ್ಚುತ್ತದೆ. ಮೂಲೆಯಲ್ಲಿ ಸಿಕ್ಕಿಬಿದ್ದ ಗುಂಪು ಅಲ್ಲೇ ಬದುಕಬೇಕು, ಇಲ್ಲವೇ ಅಲ್ಲೇ ಸಾಯಬೇಕು.

ಬದುಕಲು ಬೇಕಾದದ್ದು ಎರಡು ಕಣ್ಣು. ನಮ್ಮ ಕಲ್ಲುಗಳು ಸುತ್ತುವರಿದ ಖಾಲಿ ಜಾಗವೇ ಕಣ್ಣು. ಒಂದೇ ಕಣ್ಣಿದ್ದರೆ ಎದುರಾಳಿ ಹೊರಗಿನ ಉಸಿರನ್ನೆಲ್ಲ ಮುಚ್ಚಿ, ಕೊನೆಗೆ ಆ ಕಣ್ಣಿಗೇ ಕಲ್ಲಿಟ್ಟು ಇಡೀ ಗುಂಪನ್ನು ಎತ್ತಿಬಿಡುತ್ತಾನೆ. ಬೇರೆಬೇರೆಯಾದ ಎರಡು ಕಣ್ಣಿದ್ದರೆ ಆಗದು. ಒಂದೇ ಸಲಕ್ಕೆ ಎರಡು ಕಲ್ಲು ಇಡುವಂತಿಲ್ಲ, ಒಂದಕ್ಕೆ ಮಾತ್ರ ಇಟ್ಟರೆ ಆ ಕಲ್ಲಿಗೇ ಉಸಿರಿಲ್ಲ. ಆ ಗುಂಪು ಆಟ ಮುಗಿಯುವವರೆಗೂ ಚಿರಂಜೀವಿ.

ಸುಳ್ಳು ಕಣ್ಣು ಎಂಬುದೂ ಉಂಟು. ನೋಡಲು ಕಣ್ಣಿನಂತೆಯೇ ಇರುತ್ತದೆ, ಸುತ್ತಲಿನ ಕಲ್ಲುಗಳು ಮಾತ್ರ ಒಂದಕ್ಕೊಂದು ಬೆಸೆದಿರುವುದಿಲ್ಲ. ಎದುರಾಳಿ ಹೊರಗಿನಿಂದ ಒತ್ತಿದಾಗ ಕಲ್ಲುಗಳನ್ನು ಉಳಿಸಿಕೊಳ್ಳಲು ನಾವೇ ಆ ಖಾಲಿ ಜಾಗ ತುಂಬಬೇಕಾಗುತ್ತದೆ. ನನ್ನ ಬಳಿಯೂ ಅಂಥದ್ದೊಂದಿತ್ತು. ಡಿಗ್ರಿಯಲ್ಲಿದ್ದಾಗ ಪಡೆದ ಟ್ಯಾಲಿ ಸರ್ಟಿಫಿಕೇಟ್. ಕ್ಲಾಸಿಗೆ ಹೋದದ್ದು ಎಂಟೋ ಹತ್ತೋ ದಿನ. ‘ನೌಕರಿ ಆಗದಿದ್ದರೆ ಟ್ಯಾಲಿ ಐತಲ್ಲ’ ಎಂದು ಧೈರ್ಯ ತಂದುಕೊಳ್ಳುತ್ತಿದ್ದೆ. ಒಮ್ಮೆ ಒಂದು ಅಂಗಡಿಯ ಸಂದರ್ಶನದಲ್ಲಿ ಕಂಪ್ಯೂಟರ್ ಮುಂದೆ ಕೂರಿಸಿ, ಒಂದು ಜಿಎಸ್‌ಟಿ ಬಿಲ್ ಎಂಟ್ರಿ ಮಾಡಿ ಅಂದರು. ಹತ್ತು ನಿಮಿಷ ಮೌಸ್ ಆಡಿಸಿ, ಬೆವರೊರೆಸಿಕೊಂಡು ಎದ್ದು ಬಂದೆ.

ನಾಲ್ಕು, ಐದು, ಆರು

ಹುಟ್ಟು-ಸಾವಿನ ಈ ಲೆಕ್ಕಗಳನ್ನು ಬಿಡಿಸಲೆಂದೇ ‘ತ್ಸುಮೆಗೊ’ ಎಂಬ ಸಮಸ್ಯೆಗಳಿವೆ. ಅವುಗಳಲ್ಲೆಲ್ಲ ನನ್ನ ತಲೆಯಲ್ಲಿ ಕೂತದ್ದು ಒಂದು ಪುಟ್ಟ ಸೂತ್ರ. ಅಂಚಿನಿಂದ ಎರಡನೇ ಗೆರೆಯ ಮೇಲೆ, ಮೂಲೆಯಿಂದ ಸಾಲಾಗಿ ನಮ್ಮ ಕಲ್ಲುಗಳಿವೆ, ಸುತ್ತ ಎದುರಾಳಿ ಇದ್ದಾನೆ ಎಂದುಕೊಳ್ಳಿ. ನಾಲ್ಕು ಕಲ್ಲಿದ್ದರೆ ಗುಂಪು ಸತ್ತಂತೆಯೇ, ಮೊದಲ ನಡೆ ನಮ್ಮದಾದರೂ ಉಳಿಯದು. ಆರು ಇದ್ದರೆ ಬದುಕಿದಂತೆಯೇ, ಎದುರಾಳಿಯೇ ಮೊದಲು ಹೊಡೆದರೂ ಸಾಯದು. ಐದು ಇದ್ದರೆ? ಮೊದಲು ಯಾರು ಕಲ್ಲಿಡುತ್ತಾರೋ ಅವರದು.

ಅಂದರೆ ನಾಲ್ಕಕ್ಕೆ ಕಲ್ಲು ಸೇರಿಸುವುದು ದಂಡ. ಆರಕ್ಕೆ ಸೇರಿಸುವುದೂ ದಂಡ. ಐದಕ್ಕೆ ಮಾತ್ರ ಈಗಲೇ ಇಡಬೇಕು. ನಾನು ಸೋತ ಆಟಗಳನ್ನು ಮತ್ತೆ ನೋಡಿದರೆ ಪ್ರತಿಯೊಂದರಲ್ಲೂ ಒಂದೇ ತಪ್ಪು: ಐದಿದ್ದಾಗ ಬೇರೆಲ್ಲೋ ಆಡಿದ್ದೆ, ನಾಲ್ಕಿದ್ದಾಗ ಅಲ್ಲೇ ಕೂತಿದ್ದೆ.

ಕಾರಹುಣ್ಣಿಮೆಗೆ ಊರಿಗೆ ಹೋದೆ. ಹಾವೇರಿ ಹತ್ತಿರ ನಮ್ಮದು ಮೂರು ಎಕರೆ, ಗೋವಿನಜೋಳ. ತಂಗಿಯ ಪಿಯುಸಿ ಮುಗಿದಿತ್ತು, ಬಿ.ಎಸ್ಸಿ ಸೇರುವ ಆಸೆ. ಯಾವ ಕಾಲೇಜು ಎಂದು ಕೇಳಿದರೆ ಉತ್ತರ ಕೊಡದೆ ಒಳಗೆ ಹೋದಳು. ಅವ್ವ ಮೆಲ್ಲಗೆ ಹೇಳಿದಳು: ‘ಮುಂದಿನ ವರ್ಷ ನೋಡೂಣಂತ ಅಂದಾರ ನಿಮ್ಮಪ್ಪ. ನಿನ್ನ ರೂಮಿನ ಬಾಡಿಗಿ, ಕೋಚಿಂಗಿನ ಫೀ ಕಟ್ಟಬೇಕಲ್ಲೊ.’

ಅವತ್ತು ರಾತ್ರಿ ಅಂಗಳದಲ್ಲಿ ಮಲಗಿ ಎಣಿಸಿದೆ. ನಾನು ಒಂದೇ ಮೂಲೆಯಲ್ಲಿ ಕಲ್ಲಿಡುತ್ತ ಕೂತಿದ್ದಾಗ ಉಳಿದ ಮಣೆ ಕೈಬಿಟ್ಟು ಹೋಗುತ್ತಿತ್ತು. ಅದರಲ್ಲಿ ತಂಗಿಯ ಮೂಲೆಯೂ ಇತ್ತು. ನನ್ನ ಪರೀಕ್ಷೆ ಸತ್ತ ಗುಂಪಲ್ಲ, ಮೂರು ಅಂಕ ಎಂದರೆ ಐದು ಕಲ್ಲು. ಆದರೆ ಅಲ್ಲಿರುವುದು ಒಂದೇ ಕಣ್ಣು. ತಂಗಿಯ ಕಾಲೇಜು ಮಾತ್ರ ಈಗಲೇ ನಡೆ ಬೇಡುತ್ತಿತ್ತು, ಪ್ರವೇಶ ಇನ್ನೂ ಮುಗಿದಿರಲಿಲ್ಲ.

ಧಾರವಾಡಕ್ಕೆ ವಾಪಸಾಗಿ ಕೋಚಿಂಗ್ ಬಿಟ್ಟೆ. ತೆರಿಗೆ ಸಲಹೆಗಾರರೊಬ್ಬರ ಕಚೇರಿಗೆ ಹೋಗಿ, ಟ್ಯಾಲಿ ಸರ್ಟಿಫಿಕೇಟ್ ಇದೆ, ಕೆಲಸ ಬರುವುದಿಲ್ಲ ಎಂದು ಇದ್ದದ್ದನ್ನೇ ಹೇಳಿದೆ. ಅವರು ನಕ್ಕು, ‘ನಾಳೆ ಹತ್ತಕ್ಕ ಬಾ, ಕಲಿಸ್ತೀವಿ’ ಅಂದರು. ತಿಂಗಳಿಗೆ ಒಂಬತ್ತು ಸಾವಿರ. ಮೊದಲ ಸಂಬಳವನ್ನು ಮುಂಗಡ ಕೇಳಿ ತಂಗಿಯ ಫೀ ಕಟ್ಟಿದೆ. ಅಪ್ಪ ಫೋನಿನಲ್ಲಿ, ‘ಓದಾಕ ಕಳಿಸಿದ್ನಿ, ಮಂದಿ ಲೆಕ್ಕ ಬರಿಯಾಕಲ್ಲ’ ಎಂದು ಇಟ್ಟುಬಿಟ್ಟರು. ಒಂದು ವಾರ ಮಾತಿಲ್ಲ. ಎಂಟನೇ ದಿನ ಅವರೇ ಫೋನ್ ಮಾಡಿ, ‘ಊಟ ಆತೇನಪಾ?’ ಅಂದರು.

ಪರೀಕ್ಷೆ ಬಿಟ್ಟಿಲ್ಲ. ಬೆಳಿಗ್ಗೆ ಐದರಿಂದ ಎಂಟೂವರೆವರೆಗೆ ಓದು. ಗೋ ಆಟದಲ್ಲಿ ಸತ್ತ ಕಲ್ಲುಗಳಲ್ಲೂ ಮುಂದೆಂದೋ ಉಪಯೋಗಕ್ಕೆ ಬರುವ ಕಸುವು ಉಳಿದಿರುತ್ತದೆ. ಜಪಾನಿಯರು ಅದನ್ನು ‘ಅಜಿ’ ಎನ್ನುತ್ತಾರೆ, ಅಂದರೆ ರುಚಿ. ಮೂರು ವರ್ಷ ಓದಿದ ಅರ್ಥಶಾಸ್ತ್ರ ಈಗ ಕಚೇರಿಯ ಕಡತಗಳಲ್ಲಿ ಅರ್ಥವಾಗುತ್ತಿದೆ.

ನನ್ನಂತೆ ರೂಮಿನಲ್ಲಿ ಕೂತವರು ಎಷ್ಟೋ ಮಂದಿ ಇದ್ದೀರಿ. ಬಿಟ್ಟುಬಿಡಿ ಎನ್ನಲು ನಾನ್ಯಾರು? ಒಮ್ಮೆ ಕೂತು ಎಣಿಸಿ ನೋಡಿ, ಅಷ್ಟೇ. ನಾಲ್ಕೋ, ಐದೋ, ಆರೋ?

ಮೊನ್ನೆ ರಾತ್ರಿ ಮತ್ತೆ ಒಂದಾಟ ಆಡಿದೆ. ಕೆಳಗಿನ ಎಡಮೂಲೆ ಕಷ್ಟದಲ್ಲಿತ್ತು. ಎಣಿಸಿದೆ. ನಾಲ್ಕು. ಬಿಟ್ಟು ಬೇರೆ ಕಡೆ ಕಲ್ಲಿಟ್ಟೆ. ಸೋತೆ, ಎರಡೂವರೆ ಅಂಕದಿಂದ. ಆದರೆ ಹನ್ನೊಂದಕ್ಕೆಲ್ಲ ಮಲಗಿದ್ದೆ.