ಅಪ್ಪನ ಬಿಪಿ ಮಾತ್ರೆ, ರಾಗಿ ಮುದ್ದೆ ಮತ್ತು ಕ್ಯಾಲ್ಸಿಯಂ ತೂಬು

ಹೈದರಾಬಾದಿಗೆ ಬಂದು ಎಂಟು ವರ್ಷ ಆಯ್ತು. ನಿಮ್ಮಲ್ಲಿ ತುಂಬಾ ಜನರ ಹಾಗೆ ನಾನೂ ಅಪ್ಪ ಅಮ್ಮನ ಆರೋಗ್ಯವನ್ನು ಫೋನಿನಲ್ಲೇ ನೋಡಿಕೊಳ್ಳುವವನು. ಕಳೆದ ತಿಂಗಳು ಮಂಡ್ಯದಿಂದ ಅಮ್ಮ ಫೋನ್ ಮಾಡಿ, "ನಿಮ್ಮಪ್ಪ ಬಿಪಿ ಮಾತ್ರೆ ಬಿಟ್ಟು ಮೂರು ವಾರ ಆಯ್ತು ಕಣಪ್ಪ, ನಿಂಗೆ ಹೇಳ್ಬೇಡ ಅಂದವ್ರೆ" ಅಂದರು. ಬಿಪಿ ನೋಡಿಸಿದರೆ 176/104.

ಅಪ್ಪನನ್ನು ಕೇಳಿದೆ. ಅವರು ನುಂಗುತ್ತಿದ್ದ ಅಮ್ಲೋಡಿಪಿನ್ 'ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್' ಅಂತ ಊರಲ್ಲಿ ಯಾರೋ ಮೊಬೈಲಿನಲ್ಲಿ ನೋಡಿ ಹೇಳಿದ್ದರಂತೆ. "ಮುದ್ದೆ ತಿಂದು ಬರೋ ಕ್ಯಾಲ್ಸಿಯಂನೆಲ್ಲಾ ಈ ಮಾತ್ರೆ ತಡೀತದಂತೆ. ಮುದ್ದೆ ಬುಡಕ್ಕಾಗಲ್ಲ, ಅದ್ಕೆ ಮಾತ್ರೆ ಬುಟ್ಟೆ" ಅಂದರು. ನಗು ಬಂತು, ಆಮೇಲೆ ಭಯ ಆಯ್ತು. ಯಾಕಂದ್ರೆ ಅವರ ತರ್ಕದಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದದ್ದು ಆ ಹೆಸರನ್ನು ಅರ್ಥಮಾಡಿಕೊಂಡ ರೀತಿಯಲ್ಲಿ.

ಒಂದೇ ಕ್ಯಾಲ್ಸಿಯಂ, ಎರಡು ಕೆಲಸ

ದೊಡ್ಡವರ ಮೈಯಲ್ಲಿ ಸುಮಾರು ಒಂದು ಕೆಜಿ ಕ್ಯಾಲ್ಸಿಯಂ ಇರುತ್ತೆ. ಅದರಲ್ಲಿ ಶೇ. 99ರಷ್ಟು ಮೂಳೆ ಮತ್ತು ಹಲ್ಲಿನಲ್ಲಿ. ಅದು ಕಟ್ಟಡದ ಕೆಲಸ. ಅದಕ್ಕೆ ರಾಗಿ ಬೇಕೇ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಹತ್ತಿರಕ್ಕೂ ಬರಲ್ಲ.

ಉಳಿದ ಒಂದು ಪಾಲು ಮಾಡೋದು ಬೇರೆಯದೇ ಕೆಲಸ: ಸುದ್ದಿ ಮುಟ್ಟಿಸೋದು. ನರದಿಂದ ಬಂದ ಕರೆಂಟನ್ನು ಸ್ನಾಯುವಿನ ಚಲನೆಯನ್ನಾಗಿ ಬದಲಾಯಿಸುವುದು ಇದೇ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮೂಳೆಯದ್ದು ಹಾರ್ಡ್‌ವೇರ್, ಇದು ಸಿಗ್ನಲ್.

ಇದು ಗೊತ್ತಾಗಿದ್ದು ಒಂದು ತಪ್ಪಿನಿಂದ. 1880ರ ದಶಕದ ಆರಂಭದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ನೋಡುತ್ತಿದ್ದರು. ಅದು ಚೆನ್ನಾಗಿ ಬಡಿಯುತ್ತಿತ್ತು. ಆಮೇಲೆ ತಿಳಿಯಿತು, ಆ ಉಪ್ಪುನೀರನ್ನು ಮಾಡಿದ್ದು ಭಟ್ಟಿ ಇಳಿಸಿದ ಶುದ್ಧ ನೀರಿನಲ್ಲಲ್ಲ, ನಲ್ಲಿ ನೀರಿನಲ್ಲಿ! ಶುದ್ಧ ನೀರು ಬಳಸಿದಾಗ ಬಡಿತ ನಿಂತೇ ಹೋಯ್ತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಹೃದಯವನ್ನು ನಡೆಸುತ್ತಿತ್ತು.

ಅಪ್ಪನಿಗೆ ಹೇಳಿದ ತೂಬಿನ ಕಥೆ

ಅಪ್ಪನಿಗೆ ಪೋರ್ಟು, ಫೈರ್‌ವಾಲು ಅಂದ್ರೆ ಆಗಲ್ಲ. ಕೆರೆ, ನಾಲೆ, ತೂಬು ಅಂದ್ರೆ ಆಗುತ್ತೆ. ಹಾಗೇ ಹೇಳಿದೆ.

ಹೃದಯದ ಪ್ರತಿ ಜೀವಕೋಶದ ಒಳಗೂ ಒಂದು ಕೆರೆ ಇದೆ, ಅದರಲ್ಲಿ ಕ್ಯಾಲ್ಸಿಯಂ ತುಂಬಿರುತ್ತೆ. ಕೋಶದ ಉಳಿದ ಭಾಗ ಒಣಗಿದ ಗದ್ದೆ. ವಿಶ್ರಾಂತಿಯಲ್ಲಿದ್ದಾಗ ಕೋಶದ ಹೊರಗಿನ ಕ್ಯಾಲ್ಸಿಯಂ ಒಳಗಿನದ್ದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ಕರೆಂಟು ಬಂದಾಗ ಕೋಶದ ಗೋಡೆಯಲ್ಲಿರುವ ಸಣ್ಣ ತೂಬು ತೆರೆಯುತ್ತೆ. ಇದರ ಹೆಸರು ಎಲ್-ಟೈಪ್ ಕ್ಯಾಲ್ಸಿಯಂ ಚಾನೆಲ್. ಹೊರಗಿಂದ ಸ್ವಲ್ಪ ಕ್ಯಾಲ್ಸಿಯಂ ಬರುತ್ತೆ. ಆ ಸ್ವಲ್ಪವೇ ಒಳಗಿನ ಕೆರೆಯ ದೊಡ್ಡ ತೂಬನ್ನು ತೆರೆಸುತ್ತೆ. ಅದು ರಯನೊಡಿನ್ ರಿಸೆಪ್ಟರ್. ಗದ್ದೆ ತುಂಬಾ ಕ್ಯಾಲ್ಸಿಯಂ ಹರಿದು ಟ್ರೊಪೊನಿನ್ ಅನ್ನೋ ಪ್ರೊಟೀನಿಗೆ ಅಂಟಿಕೊಂಡ ಕೂಡಲೇ ಸ್ನಾಯು ಕುಗ್ಗುತ್ತೆ. ಮರುಕ್ಷಣ ಪಂಪು ಆ ನೀರನ್ನು ವಾಪಸ್ ಕೆರೆಗೆ ಎತ್ತುತ್ತೆ, ಸ್ನಾಯು ಸಡಿಲ ಆಗುತ್ತೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ, ನಾವು ಕೋಡ್ ಬರೀತಿದ್ದರೂ, ಮಲಗಿದ್ದರೂ.

ರಕ್ತನಾಳದ ಗೋಡೆಯಲ್ಲೂ ಸ್ನಾಯು ಇದೆ. ಅಲ್ಲೂ ಅದೇ ಸಣ್ಣ ತೂಬು. ಅದು ಜಾಸ್ತಿ ತೆರೆದರೆ ನಾಳ ಬಿಗಿಯಾಗುತ್ತೆ, ಬಿಪಿ ಏರುತ್ತೆ. 1960ರ ದಶಕದಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್, ಕೆಲವು ಔಷಧಿಗಳು ಕೆಲಸ ಮಾಡೋದು ಕ್ಯಾಲ್ಸಿಯಂ ಒಳಬರುವುದನ್ನು ತಗ್ಗಿಸಿ ಅಂತ ತೋರಿಸಿದರು. ಅಪ್ಪನ ಅಮ್ಲೋಡಿಪಿನ್ ಆ ವಂಶದ್ದೇ. ಅದು ಹೊಟ್ಟೆಯಲ್ಲಿ ರಾಗಿಯನ್ನು ತಡೆಯಲ್ಲ, ಮೂಳೆಯಿಂದ ಏನನ್ನೂ ಕದಿಯಲ್ಲ. ಮುದ್ದೆ ತಿಂದರೆ ಬಿಪಿಯೂ ಏರಲ್ಲ, ಯಾಕಂದ್ರೆ ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಮೈ ತಾನೇ ಬಿಗಿಯಾಗಿ ಹಿಡಿದಿಟ್ಟಿರುತ್ತೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ತೂಬು ವಸಿ ಇಳ್ಸೋದು, ಕೆರೆ ಬತ್ಸೋದಲ್ಲ" ಅಂದರು. ನನ್ನ ಹದಿನೈದು ನಿಮಿಷದ ವಿಡಿಯೊವನ್ನು ಅವರು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರು.

ತೂಬೇ ಸೋರಿದರೆ?

ಕೆಲವರಿಗೆ ಹುಟ್ಟಿನಿಂದಲೇ ತೂಬಿನ ರಚನೆಯಲ್ಲಿ ದೋಷ ಇರುತ್ತೆ. ಹೃದಯದ ದೊಡ್ಡ ತೂಬು ಸೋರಿದರೆ ಅದಕ್ಕೆ ಸಿಪಿವಿಟಿ ಅಂತಾರೆ. ಇದರ ಜೀನ್ ದೋಷ ಪತ್ತೆಯಾಗಿದ್ದು 2001ರ ಸುಮಾರಿಗೆ. ಕಷ್ಟ ಏನಂದ್ರೆ, ಸುಮ್ಮನೆ ಮಲಗಿಸಿ ಇಸಿಜಿ ತೆಗೆದರೆ ಸಾಮಾನ್ಯವಾಗಿ ಎಲ್ಲಾ ಸರಿಯಾಗೇ ಕಾಣುತ್ತೆ. ಓಡುವಾಗ, ಈಜುವಾಗ, ಗಾಬರಿಯಾದಾಗ ಮಾತ್ರ ಲಯ ತಪ್ಪುತ್ತೆ. ಲೋಡ್ ಬಂದಾಗ ಮಾತ್ರ ಕಾಣಿಸಿಕೊಳ್ಳೋ ಬಗ್ ಇದ್ದ ಹಾಗೆ. ಅದಕ್ಕೇ ಟ್ರೆಡ್‌ಮಿಲ್ ಪರೀಕ್ಷೆ ಬೇಕಾಗುತ್ತೆ.

ಕೈಕಾಲಿನ ಸ್ನಾಯುಗಳಲ್ಲಿ ಇದೇ ತೂಬಿನ ಇನ್ನೊಂದು ರೂಪ ಇದೆ. ಅದರಲ್ಲಿ ದೋಷ ಇರುವ ಕೆಲವರಿಗೆ ಆಪರೇಷನ್ನಿಗೆ ಕೆಲವು ಬಗೆಯ ಅರಿವಳಿಕೆ ಕೊಟ್ಟಾಗ ಕ್ಯಾಲ್ಸಿಯಂ ಒಮ್ಮೆಲೇ ನುಗ್ಗಿ, ಸ್ನಾಯು ಸೆಟೆದು, ಜ್ವರ ವಿಪರೀತ ಏರುತ್ತೆ. ಡ್ಯಾಂಟ್ರೊಲೀನ್ ಔಷಧಿ ಆ ತೂಬನ್ನು ಮುಚ್ಚಿಸಿ ಜೀವ ಉಳಿಸುತ್ತೆ.

ಹಬ್ಸಿಗುಡದಿಂದ ಬಂದ ಸುದ್ದಿ

ನಾಗೋಲಿನಿಂದ ರಾಯದುರ್ಗಕ್ಕೆ ಮೆಟ್ರೊದಲ್ಲಿ ಓಡಾಡುವವರು ಹಬ್ಸಿಗುಡ ದಾಟಿರುತ್ತೀರಿ. ಅಲ್ಲೇ ಉಪ್ಪಲ್ ರಸ್ತೆಯಲ್ಲಿ ಸಿಸಿಎಂಬಿ ಇದೆ. ಅಲ್ಲಿನ ಕುಮಾರಸಾಮಿ ತಂಗರಾಜ್, ಈಗ ಬೆಂಗಳೂರಿನ ಇನ್‌ಸ್ಟೆಮ್‌ನಲ್ಲಿ ಲ್ಯಾಬ್ ನಡೆಸುವ ಪೆರುಂದುರೈ ಧಂಡಪಾಣಿ ಮತ್ತು ಸಂಗಡಿಗರು 2009ರಲ್ಲಿ ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಅದು ತೂಬಿನ ಕಥೆಯಲ್ಲ, ಗದ್ದೆಯ ಕಥೆ. ಕ್ಯಾಲ್ಸಿಯಂ ಬಂದು ಆಜ್ಞೆ ಕೊಟ್ಟ ಮೇಲೆ ಸ್ನಾಯು ಎಷ್ಟು ಕುಗ್ಗಬೇಕು ಅಂತ ಹದದಲ್ಲಿಡುವ ಒಂದು ಪ್ರೊಟೀನ್ ಇದೆ. ಅದನ್ನು ಮಾಡುವ ಎಂವೈಬಿಪಿಸಿ3 ಜೀನಿನಲ್ಲಿ 25 ಅಕ್ಷರ ಬಿಟ್ಟುಹೋಗಿರುವುದು ಭಾರತೀಯರಲ್ಲಿ ಸುಮಾರು ನೂರಕ್ಕೆ ನಾಲ್ಕು ಜನರಲ್ಲಿ ಕಂಡಿತು. ಅಂಥವರಿಗೆ ಹೃದಯ ಸ್ನಾಯು ರೋಗದ ಅಪಾಯ ಸುಮಾರು 7 ಪಟ್ಟು ಅಂತ ಆಗ ಲೆಕ್ಕ ಹಾಕಿದರು.

ಇಲ್ಲಿಗೇ ನಿಲ್ಲಿಸಿದರೆ ನಾನೂ ಊರಿನ ಆ ಮೊಬೈಲ್ ಪಂಡಿತನ ಹಾಗೇ ಆಗ್ತೀನಿ. ಮುಂದೆ ಬೇರೆಯವರು ಪರಿಶೀಲಿಸಿದಾಗ ಚಿತ್ರ ಬದಲಾಯ್ತು. 2020ರ ಒಂದು ಅಧ್ಯಯನದ ಪ್ರಕಾರ ಅಪಾಯ ಬರುವುದು ಆ 25 ಅಕ್ಷರದ ಕೊರತೆಯಿಂದಲೇ ಅಲ್ಲ, ಕೆಲವರಲ್ಲಿ ಮಾತ್ರ ಅದರ ಜೊತೆ ಸೇರಿ ಬರುವ ಇನ್ನೊಂದು ಬದಲಾವಣೆಯಿಂದ. ಹಾಗಾಗಿ ಜೀನ್ ಟೆಸ್ಟಿನಲ್ಲಿ ಇದೊಂದು ಕಂಡರೆ ಕಂಗಾಲಾಗಬೇಡಿ, ತಿಳಿದ ವೈದ್ಯರನ್ನು ಕೇಳಿ.

ನಮಗೆ ಉಳಿಯುವ ಕೆಲಸ ಚಿಕ್ಕದು. ಮುಂದಿನ ಸಲ ಊರಿಗೆ ಹೋದಾಗ ಮೂರು ವಿಷಯ ಕೇಳಿ ಬರೆದಿಟ್ಟುಕೊಳ್ಳಿ. ವಂಶದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರಾ? ಓಡುವಾಗಲೋ ಈಜುವಾಗಲೋ ಎಚ್ಚರ ತಪ್ಪಿದ್ದುಂಟಾ? ಆಪರೇಷನ್ ಟೇಬಲ್ ಮೇಲೆ ತೊಂದರೆ ಆಗಿತ್ತಾ? 'ಹೌದು' ಅನ್ನೋ ಉತ್ತರ ಬಂದರೆ ಅದನ್ನು ವೈದ್ಯರಿಗೆ ಹೇಳಲೇಬೇಕು.

ಇನ್ನೊಂದು: ಬಿಪಿ ಮಾತ್ರೆಯನ್ನು ಯಾರ ಮಾತು ಕೇಳಿಯೂ ತಾವಾಗೇ ಬಿಡೋದು ಬೇಡ. ಕಾಲು ಊದಿದರೆ, ಬೇರೇನಾದರೂ ಆದರೆ, ಡಾಕ್ಟರನ್ನು ಕೇಳಿ ಬದಲಾಯಿಸಿಕೊಳ್ಳಲಿ. ಅಪ್ಪ ಡಾಕ್ಟರ ಹತ್ತಿರ ಹೋಗಿ ಬಂದು ಮಾತ್ರೆ ಮತ್ತೆ ಶುರು ಮಾಡಿದ್ದಾರೆ. ಮೊನ್ನೆ ಬಿಪಿ 138/86. ಮುದ್ದೆ ದಿನಕ್ಕೆ ಎರಡು, ಅದರಲ್ಲಿ ರಾಜಿ ಇಲ್ಲ.