ಏಳು ನಿಮಿಷದೊಳಗೆ ಮಾತು ಮುಗಿಸುವ ವಿದ್ಯೆ

ಕೆಲಸದ ಹೊತ್ತು ಮುಗಿದ ಮೇಲೂ ಬೆಂಗಳೂರಿನ ಯಾವುದೋ ಸಾಫ್ಟ್‌ವೇರ್ ಕಂಪನಿಯ ಮೀಟಿಂಗ್ ರೂಮಿನಿಂದ ಚಪ್ಪಾಳೆ ಕೇಳಿಸುತ್ತಿದ್ದರೆ, ಅಲ್ಲಿ ಟೋಸ್ಟ್‌ಮಾಸ್ಟರ್ಸ್ ಕ್ಲಬ್ ಸೇರಿದೆ ಎಂದು ಊಹಿಸಬಹುದು. ಹದಿನೈದಿಪ್ಪತ್ತು ಜನ ಇರುತ್ತಾರೆ. ಮುಂದೆ ನಿಂತು ಮಾತಾಡುತ್ತಿರುವವನಿಗೆ ಅದು ಮೊದಲ ಭಾಷಣ, ತನ್ನನ್ನು ತಾನು ಪರಿಚಯಿಸಿಕೊಳ್ಳಬೇಕು, ಅಷ್ಟೇ. ಆದರೂ ಕೈಯಲ್ಲಿನ ಚೀಟಿ ನಡುಗುತ್ತದೆ. ಹಿಂದೆ ಕೂತ ಒಬ್ಬರು ನಾಲ್ಕನೇ ನಿಮಿಷಕ್ಕೆ ಹಸಿರು ಕಾರ್ಡ್, ಐದಕ್ಕೆ ಹಳದಿ, ಆರಕ್ಕೆ ಕೆಂಪು ಎತ್ತಿ ತೋರಿಸುತ್ತಾರೆ. ಪಕ್ಕದಲ್ಲಿ ಇನ್ನೊಬ್ಬರು ಅವನ ‘ಆ...’, ‘ಉಂ...’, ‘ಬೇಸಿಕಲಿ’, ‘ಆಕ್ಚುಯಲಿ’ಗಳಿಗೆಲ್ಲ ಒಂದೊಂದು ಗೀಟು ಹಾಕುತ್ತಾ ಕೂತಿರುತ್ತಾರೆ, ಅವರಿಗೆ ಆ-ಕೌಂಟರ್ ಎಂದೇ ಹೆಸರು. ಭಾಷಣ ಮುಗಿದ ಮೇಲೆ ಮೂರನೆಯವರು ಎದ್ದು, ಎರಡು-ಮೂರು ನಿಮಿಷದಲ್ಲಿ, ಏನು ಚೆನ್ನಾಗಿತ್ತು, ಏನು ಸರಿಹೋಗಬೇಕು ಎಂದು ಅವನ ಎದುರಿಗೇ ಹೇಳುತ್ತಾರೆ.

ಆ ಕೋಣೆಯಲ್ಲಿ ಮೇಷ್ಟ್ರು ಮಾತ್ರ ಇಲ್ಲ. ಹೇಳಿಕೊಡುವವರೂ ಇಲ್ಲದೆ ಮಾತು ಕಲಿಯುವ ಈ ಏರ್ಪಾಟು ಒಂದೇ ದಿನಕ್ಕೆ ಹುಟ್ಟಿದ್ದಲ್ಲ. ಅದು ಕಾಲೂರಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು, ನಡುವೆ ಹಲವು ಸಲ ಸತ್ತೂ ಹೋಯಿತು.

ಅಮೆರಿಕದ ಇಲಿನಾಯ್ ರಾಜ್ಯದ ರಾಲ್ಫ್ ಸ್ಮೆಡ್ಲಿ 1903ರಲ್ಲಿ ಪದವಿ ಮುಗಿಸಿ, ಬ್ಲೂಮಿಂಗ್ಟನ್ ಊರಿನ ವೈಎಂಸಿಎಯಲ್ಲಿ ಶಿಕ್ಷಣ ವಿಭಾಗದ ಕೆಲಸಕ್ಕೆ ಸೇರಿದರು. ಕಚೇರಿ, ಅಂಗಡಿಗಳಲ್ಲಿ ದುಡಿಯುವ ಹುಡುಗರು ಸಂಜೆ ಹೊತ್ತು ಬಂದು ಏನಾದರೂ ಕಲಿತು ಹೋಗುವ ಜಾಗ ಆಗಿನ ವೈಎಂಸಿಎ. ಈ ಹುಡುಗರಿಗೆ ನಾಲ್ಕು ಜನರ ಮುಂದೆ ಎದ್ದು ಮಾತಾಡಲು ಬರುವುದಿಲ್ಲ, ಒಂದು ಸಭೆಯನ್ನು ನಡೆಸಿಕೊಂಡು ಹೋಗಲೂ ಬರುವುದಿಲ್ಲ ಎಂಬುದು ಸ್ಮೆಡ್ಲಿಯವರ ಕಣ್ಣಿಗೆ ಬಿತ್ತು. ಭಾಷಣ ಕಲಿಸುವವರು ಆಗಲೂ ಇದ್ದರು. ಆದರೆ ಅವರದು ಯಾವ ಭಾವಕ್ಕೆ ಕೈ ಎಲ್ಲಿರಬೇಕು, ದನಿ ಎಲ್ಲಿ ಏರಬೇಕು ಎನ್ನುವ ನಾಟಕೀಯ ಪಾಠ. ಗುಮಾಸ್ತನಿಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. 1905ರಲ್ಲಿ ಸ್ಮೆಡ್ಲಿ ಹುಡುಗರದ್ದೇ ಒಂದು ಕೂಟ ಕಟ್ಟಿದರು. ಸರದಿಯ ಮೇಲೆ ಚಿಕ್ಕ ಚಿಕ್ಕ ಭಾಷಣ, ಉಳಿದವರಿಂದ ವಿಮರ್ಶೆ, ಅಧ್ಯಕ್ಷತೆಯೂ ಸರದಿಯ ಮೇಲೆ. ಔತಣಕೂಟಗಳಲ್ಲಿ ಭಾಷಣಕಾರರನ್ನು ಕರೆದು ಪರಿಚಯಿಸುವವನಿಗೆ ಟೋಸ್ಟ್‌ಮಾಸ್ಟರ್ ಎನ್ನುತ್ತಿದ್ದರು. ತಮ್ಮ ಕೂಟವೂ ಊಟದ ನಂತರದ ಹರಟೆಯ ಹಾಗೆ ಹಗುರಾಗಿರಲಿ ಎಂದು ಅದೇ ಹೆಸರಿಟ್ಟರು.

ಕೂಟ ಚೆನ್ನಾಗಿಯೇ ನಡೆಯಿತು, ಸ್ಮೆಡ್ಲಿಗೆ ವರ್ಗವಾಗುವ ತನಕ. ಅವರು ಊರು ಬಿಟ್ಟ ಮೇಲೆ ಸೊರಗಿತು. ಮುಂದಿನ ಊರಿನಲ್ಲಿ ಮತ್ತೊಂದು ಕಟ್ಟಿದರು. ಅಲ್ಲಿಂದ ಹೊರಟ ಮೇಲೆ ಅದರದ್ದೂ ಅದೇ ಗತಿ. ಫ್ರೀಪೋರ್ಟ್, ರಾಕ್ ಐಲೆಂಡ್, ಸ್ಯಾನ್ ಹೋಸೆ, ಹೀಗೆ ಊರು ಬದಲಾದರೂ ಕಥೆ ಬದಲಾಗಲಿಲ್ಲ. ಜೊತೆಯವರಿಗೆ ಇದೊಂದು ಸ್ಮೆಡ್ಲಿಯ ಖಯಾಲಿಯಂತೆ ಕಂಡಿದ್ದರೆ ಅವರನ್ನು ದೂರುವಂತಿಲ್ಲ.

ಇದೇ ವೈಎಂಸಿಎಯ ಇನ್ನೊಂದು ಮೂಲೆಯಲ್ಲಿ ಇನ್ನೊಬ್ಬರಿಗೂ ಇದೇ ಕೊರತೆ ಕಂಡಿತ್ತು. 1912ರಲ್ಲಿ ನ್ಯೂಯಾರ್ಕಿನ 125ನೇ ಬೀದಿಯ ಶಾಖೆಯಲ್ಲಿ ಡೇಲ್ ಕಾರ್ನೆಗಿ ಸಂಜೆ ತರಗತಿ ಶುರುಮಾಡಿದರು. ರಾತ್ರಿಗೆ 2 ಡಾಲರ್ ಸಂಬಳ ಕೊಡಲು ಸಂಸ್ಥೆ ಒಪ್ಪದೆ, ಬಂದ ಶುಲ್ಕದಲ್ಲಿ ಪಾಲು ಕೊಡುತ್ತೇವೆ ಎಂದಿತು. ಕಾರ್ನೆಗಿಗೆ ಅದೇ ಲಾಭವಾಯಿತು. ಹೇಳಲು ಸರಕು ಮುಗಿದಾಗ ಅವರು ವಿದ್ಯಾರ್ಥಿಗಳನ್ನೇ ಎಬ್ಬಿಸಿ, ನಿಮಗೆ ಸಿಟ್ಟು ತರಿಸಿದ್ದರ ಬಗ್ಗೆ ಮಾತಾಡಿ ಎಂದರಂತೆ. ಸಿಟ್ಟಿನಲ್ಲಿ ಹೆದರಿಕೆ ಮರೆತುಹೋಗುತ್ತದೆ. ಕಾರ್ನೆಗಿಯ ದಾರಿ ಮುಂದೆ ದುಡ್ಡು ಕೊಟ್ಟು ಕಲಿಯುವ ಕೋರ್ಸ್ ಆಯಿತು. ಇವತ್ತಿನ ಕಾರ್ಪೊರೇಟ್ ತರಬೇತಿಗಳೆಲ್ಲ ಹೆಚ್ಚುಕಡಿಮೆ ಆ ಕಡೆಯ ನೆಂಟರು. ಸ್ಮೆಡ್ಲಿಯದು ಬಡವರ ದಾರಿ, ಆದ್ದರಿಂದ ನಿಧಾನ.

1924ರ ಅಕ್ಟೋಬರ್ 22ರಂದು ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ, ವೈಎಂಸಿಎ ಕಟ್ಟಡದ ನೆಲಮಾಳಿಗೆಯಲ್ಲಿ ಸ್ಮೆಡ್ಲಿ ಮತ್ತೆ ಕೂಟ ಸೇರಿಸಿದರು. ಈ ಸಲದ ಕೂಟ ಉಳಿಯಿತು. ಸುತ್ತಲಿನ ಊರಿನವರು ಬಂದು ನೋಡಿ, ನಮಗೂ ಬೇಕು ಎಂದರು. ಎಲ್ಲ ಊರಿಗೂ ಹೋಗಿ ಕಲಿಸಲು ಸ್ಮೆಡ್ಲಿಗೆ ಸಾಧ್ಯವಿರಲಿಲ್ಲ, ಹಾಗಾಗಿ ಬರೆದು ಕೊಟ್ಟರು. ಸಭೆ ಹೇಗೆ ನಡೆಸಬೇಕು ಎಂಬ ಕೈಪಿಡಿ ಒಂದು, ಭಾಷಣಕ್ಕೆ ಹತ್ತು ಪಾಠಗಳ ಪುಸ್ತಕ ಒಂದು. 1928ರಲ್ಲಿ ಎರಡಕ್ಕೂ ಹಕ್ಕುಸ್ವಾಮ್ಯ ಪಡೆದರು. ನನ್ನ ಲೆಕ್ಕದಲ್ಲಿ ಟೋಸ್ಟ್‌ಮಾಸ್ಟರ್ಸ್ ನಿಜವಾಗಿ ಹುಟ್ಟಿದ್ದು ನೆಲಮಾಳಿಗೆಯಲ್ಲಲ್ಲ, ಈ ಕೈಪಿಡಿಯಲ್ಲಿ. ಇಪ್ಪತ್ತು ವರ್ಷ ಒಬ್ಬ ಮನುಷ್ಯನ ಉತ್ಸಾಹಕ್ಕೆ ಜೋತುಬಿದ್ದಿದ್ದ ಕೂಟಕ್ಕೆ ಈಗ ಅವನ ಹಂಗು ತಪ್ಪಿತು. 1930ರ ಹೊತ್ತಿಗೆ ಕ್ಲಬ್‌ಗಳೆಲ್ಲ ಸೇರಿ ಒಕ್ಕೂಟವಾದವು. ಕೆನಡಾದಿಂದಲೂ ಬೇಡಿಕೆ ಬಂದು ಹೆಸರಿಗೆ ‘ಇಂಟರ್‌ನ್ಯಾಷನಲ್’ ಅಂಟಿತು. 1932ರಲ್ಲಿ ಸಂಸ್ಥೆ ನೋಂದಣಿಯಾಯಿತು. ಇವತ್ತು 140ಕ್ಕೂ ಹೆಚ್ಚು ದೇಶಗಳಲ್ಲಿ ಕ್ಲಬ್‌ಗಳಿವೆ.

ಹೆಂಗಸರಿಗೆ ಮಾತ್ರ ಬಹುಕಾಲ ಬಾಗಿಲು ಹಾಕಿತ್ತು. 1970ರಲ್ಲಿ ಹೆಲೆನ್ ಬ್ಲಾಂಚರ್ಡ್ ಎಂಬಾಕೆಯ ಅರ್ಜಿ ಕೇಂದ್ರ ಕಚೇರಿಗೆ ಹೋದದ್ದು ‘ಹೋಮರ್ ಬ್ಲಾಂಚರ್ಡ್’ ಎಂಬ ಗಂಡು ಹೆಸರಿನಲ್ಲಿ. 1973ರಲ್ಲಿ ನಿಯಮ ಬದಲಾಯಿತು. 1985ರಲ್ಲಿ ಅದೇ ‘ಹೋಮರ್’ ಸಂಸ್ಥೆಯ ಮೊದಲ ಮಹಿಳಾ ಅಂತಾರಾಷ್ಟ್ರೀಯ ಅಧ್ಯಕ್ಷೆಯಾದರು.

ಬೆಂಗಳೂರಿಗೆ ಇದು ಹಿಡಿಸಿದ್ದಕ್ಕೆ ಕಾರಣ ಹುಡುಕಬೇಕಿಲ್ಲ. ಹಾಸನದಿಂದಲೋ ಗದಗದಿಂದಲೋ ಬಂದ ಎಂಜಿನಿಯರಿಗೆ ಕೋಡ್ ಬರೆಯುವುದು ಗೊತ್ತು. ಹೊರದೇಶದ ಗ್ರಾಹಕರ ಕಾಲ್‌ನಲ್ಲಿ ‘ನಿಮ್ಮ ಅಭಿಪ್ರಾಯವೇನು’ ಎಂದಾಗ ಮಾತ್ರ ನಾಲಿಗೆ ಒಣಗುತ್ತದೆ. ಕ್ಲಬ್ಬಿನಲ್ಲಿ ಟೇಬಲ್ ಟಾಪಿಕ್ಸ್ ಎನ್ನುವುದು ಇದಕ್ಕೇ ಹೇಳಿ ಮಾಡಿಸಿದ ಮದ್ದು. ವಿಷಯ ಆ ಕ್ಷಣಕ್ಕೆ ಗೊತ್ತಾಗುತ್ತದೆ, ಒಂದೆರಡು ನಿಮಿಷ ಮಾತಾಡಿ ಕೂರಬೇಕು. ಎಡವಿದರೆ ನಷ್ಟವಿಲ್ಲ, ಕೇಳುವವರಲ್ಲಿ ಮ್ಯಾನೇಜರ್ ಇದ್ದರೂ ಮುಂದಿನ ಸರದಿ ಅವರದ್ದೇ.

ಇದರಲ್ಲೂ ಒಂದು ಕಾಟವಿದೆ. ಎರಡು ವರ್ಷ ಕ್ಲಬ್ಬಿನಲ್ಲಿ ಪಳಗಿದ ಕೆಲವರು ಎಲ್ಲಿ ನಿಂತರೂ ಸ್ಪರ್ಧೆಯ ಭಾಷಣವನ್ನೇ ಮಾಡುತ್ತಾರೆ. ಅಳತೆ ಮಾಡಿಟ್ಟ ಮೌನ, ಸರಿಯಾದ ಜಾಗದಲ್ಲಿ ಕಂಬನಿ, ಕೊನೆಗೊಂದು ನೀತಿ. ಸ್ಮೆಡ್ಲಿ ಓಡಿಬಂದದ್ದು ಯಾವ ನಾಟಕದಿಂದಲೋ ಅದೇ ಹಿಂಬಾಗಿಲಿಂದ ಒಳಗೆ ಬಂದಂತೆ ಕಾಣುತ್ತದೆ. ತಿಂಗಳ ಲೆಕ್ಕ ಒಪ್ಪಿಸುವ ಮೀಟಿಂಗಿಗೆ ಅಷ್ಟೆಲ್ಲ ಬೇಡ. ಮೊದಲ ನಿಮಿಷದಲ್ಲೇ ವಿಷಯ ಹೇಳಿ, ಕೇಳಿದ್ದಕ್ಕೆ ನೇರವಾಗಿ ಉತ್ತರಿಸಿದರೆ ಸಾಕು.

ಈಗ ಕನ್ನಡದಲ್ಲೇ ನಡೆಯುವ ಕ್ಲಬ್‌ಗಳೂ ಬಂದಿವೆ. ಅಲ್ಲಿ ಗೀಟು ಬೀಳುವುದು ‘ಅಂದ್ರೆ’, ‘ಏನಪ್ಪಾ ಅಂದ್ರೆ’, ‘ಆಮೇಲೆ ಬಂದು’ಗಳಿಗೆ. ‘ಎರಡೇ ಮಾತಾಡಿ ಮುಗಿಸುತ್ತೇನೆ’ ಎಂದು ಮೈಕ್ ಹಿಡಿದವರು ಮುಕ್ಕಾಲು ಗಂಟೆ ಬಿಡದಿರುವುದು, ಸಂಘಟಕರು ಚೀಟಿ ಕಳಿಸಿ ಸುಸ್ತಾಗುವುದು ನಮ್ಮ ಸಭೆಗಳಲ್ಲಿ ಹೊಸದೇನಲ್ಲ. ವೇದಿಕೆ ಮೇಲಿನ ಗಣ್ಯರ ಹೆಸರು ಹೇಳುವಷ್ಟರಲ್ಲೇ ಹಸಿರು ಕಾರ್ಡಿನ ಹೊತ್ತು ದಾಟಿರುತ್ತದೆ. ಕ್ಲಬ್ಬಿನಲ್ಲಿ ಗಣ್ಯರ ಪಟ್ಟಿ ಇಲ್ಲ. ಏಳು ನಿಮಿಷದ ಭಾಷಣ ಸ್ಪರ್ಧೆಯಲ್ಲಿ ಏಳೂವರೆ ದಾಟಿದರೆ, ಮಾತು ಎಷ್ಟೇ ಸೊಗಸಾಗಿರಲಿ, ಬಹುಮಾನವೂ ಇಲ್ಲ.