ಗೆರಟೆ ಉಜ್ಜುವ ಪಾಠ: ದೊರಗಿನಿಂದ ನಯದವರೆಗೆ

ಅಭ್ಯಾಸ ಬೋಧನೆಗೆಂದು ಬಂಟ್ವಾಳ ತಾಲೂಕಿನ ಒಂದು ಪ್ರೌಢಶಾಲೆಗೆ ಹೋದಾಗ ನನಗೆ ಸಿಕ್ಕಿದ್ದು ಎಂಟನೆಯ ತರಗತಿಯ ‘ಘರ್ಷಣೆ’ ಘಟಕ. ಕಲಿಕೋಪಕರಣಕ್ಕಾಗಿ ಹಣ ಖರ್ಚು ಮಾಡಬಾರದು, ಮಕ್ಕಳ ಕೈಗೆ ಕೆಲಸ ಇರಬೇಕು ಎಂದು ಯೋಚಿಸಿದಾಗ ಹೊಳೆದದ್ದು ತೆಂಗಿನ ಗೆರಟೆ. ನಮ್ಮ ಕಡೆ ಗೆರಟೆ ಇಲ್ಲದ ಮನೆಯಿಲ್ಲ. ದೊರಗು ಗೆರಟೆಯನ್ನು ಉಜ್ಜಿ ಹೊಳೆಯುವಂತೆ ಮಾಡುವುದು, ಅದರಿಂದ ಘರ್ಷಣೆಯನ್ನು ವಿವರಿಸುವುದು ನನ್ನ ಪಾಠಯೋಜನೆಯಾಗಿತ್ತು. ಆ ಪಾಠ ಕೆಟ್ಟಿತು. ಏಕೆ ಕೆಟ್ಟಿತು, ಮತ್ತೆ ಹೇಗೆ ಸರಿಹೋಯಿತು ಎಂಬುದನ್ನು ಮುಂದಿನ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲ ದಿನ ನಾನು ಅಂಗಡಿಯಿಂದ ಎರಡೇ ಬಗೆಯ ಪಾಲಿಶ್ ಪೇಪರ್ ತಂದಿದ್ದೆ: 80 ಮತ್ತು 400. ಒಂದು ದೊರಗು, ಒಂದು ನಯ, ಸಾಕು ಎಂದುಕೊಂಡಿದ್ದೆ. ಮಕ್ಕಳು ಹುರುಪಿನಿಂದ ಉಜ್ಜಿದರು. ಅವಧಿ ಮುಗಿಯುತ್ತ ಬಂದರೂ ಗೆರಟೆಯ ಮೇಲೆ ಬಿಳಿ ಬಿಳಿ ಗೀರುಗಳು ಹಾಗೆಯೇ ಇದ್ದವು. ಹಿಂದಿನ ಬೆಂಚಿನ ಒಬ್ಬ ಹುಡುಗ, “ಟೀಚರ್, 80ರ ಗೀರು 400ರಲ್ಲಿ ಹೋಗುದಿಲ್ಲ. ನಡುವಿನದ್ದು ಬೇಕು” ಎಂದ. ಕಪ್ಪುಹಲಗೆಯ ಸಾರಾಂಶ ಬರೆಯುವ ಅವಸರದಲ್ಲಿದ್ದ ನಾನು, “ಆಮೇಲೆ ಹೇಳು, ಈಗ ಕೂತುಕೋ” ಎಂದೆ. ಅವನು ಕೂತ. ಆಮೇಲೆ ನಾನೂ ಕೇಳಲಿಲ್ಲ.

ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪುಸ್ತಕದಲ್ಲಿ ಧ್ವನಿ, ಕಪ್ಪುಹಲಗೆಯ ಬಳಕೆ, ಸಮಯಪಾಲನೆ ಎಲ್ಲವೂ ಚೆನ್ನಾಗಿದೆ ಎಂದು ಬರೆದು, ಕೊನೆಗೆ ಒಂದು ಸಾಲು ಸೇರಿಸಿದ್ದರು: ಉತ್ತರ ಗೊತ್ತಿದ್ದ ವಿದ್ಯಾರ್ಥಿಯನ್ನು ಕೂರಿಸಿದ್ದೀರಿ. ವಿಚಾರಿಸಿದಾಗ, ಆ ಹುಡುಗನ ತಂದೆ ಮರದ ಪಾಲಿಶ್ ಕೆಲಸದವರು, ರಜೆಯಲ್ಲಿ ಅವನೂ ಜೊತೆಗೆ ಹೋಗುತ್ತಾನೆ ಎಂದು ತಿಳಿಯಿತು. ತರಗತಿಯಲ್ಲಿ ಅವನು ತಾನಾಗಿ ಬಾಯಿ ತೆರೆದದ್ದು ಅದೇ ಮೊದಲಂತೆ.

ಮುಂದಿನ ವಾರ ಅದೇ ತರಗತಿಯಲ್ಲಿ ಪಾಠವನ್ನು ಮತ್ತೆ ಮಾಡಲು ಅನುಮತಿ ಕೇಳಿದೆ. ಈ ಸಲ ಯಾವ ಯಾವ ಪೇಪರ್ ಬೇಕೆಂದು ಮೊದಲೇ ಅವನಲ್ಲಿ ಕೇಳಿ ತಂದೆ. ನಾವು ಮಾಡಿದ ಕ್ರಮ ಹೀಗಿದೆ:

1. ಚೆನ್ನಾಗಿ ಬಲಿತ ಕಾಯಿಯ ಗೆರಟೆ ಆರಿಸಿ. ಎಳೆಯದು ತೆಳುವಾಗಿದ್ದು ಒಡೆಯುತ್ತದೆ. ಮೇಲಿನ ನಾರನ್ನು ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಹೆರೆಯಿರಿ. ಗೆರಟೆಯ ಮೂರು ಏಣುಗಳ ಹತ್ತಿರ ನಾರು ಹೆಚ್ಚು ಉಳಿಯುತ್ತದೆ. ಈ ಕೆಲಸವನ್ನು ಶಿಕ್ಷಕರೇ ಮಾಡಿಟ್ಟರೆ ಒಳ್ಳೆಯದು.

2. 80ರ ಪೇಪರಿನಿಂದ ಉಬ್ಬುತಗ್ಗು ತೆಗೆಯಿರಿ. ಗೆರಟೆ ಉರುಟಾಗಿರುವುದರಿಂದ ಪೇಪರನ್ನು ಹಳೆಯ ಚಪ್ಪಲಿಯ ರಬ್ಬರ್ ತುಂಡಿಗೆ ಸುತ್ತಿಕೊಂಡರೆ ಬಾಗಿಗೆ ಸರಿಯಾಗಿ ಕೂರುತ್ತದೆ. ಧೂಳು ಏಳುತ್ತದೆ, ಜಗಲಿಯಲ್ಲಿ ಕೂರಿಸಿ, ಮೂಗಿಗೆ ಬಟ್ಟೆ ಕಟ್ಟಿಸಿ.

3. ಅನಂತರ 120, 220, 400 ಎಂದು ಮುಂದೆ ಹೋಗಿ. ಪ್ರತಿ ಸಲವೂ ಹಿಂದಿನ ದಿಕ್ಕಿಗೆ ಅಡ್ಡವಾಗಿ ಉಜ್ಜಬೇಕು. ಹಿಂದಿನ ಗೀರುಗಳು ಪೂರ್ತಿ ಮಾಯವಾದ ಮೇಲೆಯೇ ಮುಂದಿನ ಪೇಪರ್. ಪೇಪರ್ ಬದಲಿಸುವ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ. ಉಳಿದ ಒಂದು ದೊಡ್ಡ ಹರಳು ಹೊಸ ಗೀರು ಹಾಕುತ್ತದೆ.

4. 600 ಮತ್ತು 1000ಕ್ಕೆ ಕಪ್ಪು ವಾಟರ್ ಪೇಪರ್ ಬಳಸಿ, ನೀರು ಮುಟ್ಟಿಸಿ ಉಜ್ಜಿ. ಧೂಳು ಏಳುವುದಿಲ್ಲ, ಪೇಪರಿನ ಕಣಗಳ ನಡುವೆ ಪುಡಿ ಕಟ್ಟಿಕೊಳ್ಳುವುದೂ ಕಡಿಮೆ.

5. ಒಣಗಿಸಿ, ಎರಡು ಹನಿ ತೆಂಗಿನೆಣ್ಣೆ ಹಾಕಿ ಹತ್ತಿಬಟ್ಟೆಯಿಂದ ತಿಕ್ಕಿ.

ಪೇಪರಿನ ಸಂಖ್ಯೆ ಹೆಚ್ಚಿದಂತೆ ಕಣ ಸಣ್ಣದಾಗುತ್ತದೆ. 80ರ ಕಣ ಸುಮಾರು 200 ಮೈಕ್ರೋಮೀಟರ್, 400ರದ್ದು ಸುಮಾರು 35, 1000ದ್ದು ಸುಮಾರು 18. 80ರ ಕಣ ತೋಡಿದ ಆಳವಾದ ಗೀರಿನ ತಳವನ್ನು ಮುಟ್ಟಲು 400ರ ಪುಟ್ಟ ಕಣಕ್ಕೆ ಬಹಳ ಹೊತ್ತು ಬೇಕು. ಹುಡುಗ ಹೇಳಿದ್ದು ಇದನ್ನೇ. ಪಾಲಿಶ್ ಎಂದರೆ ಗೀರು ತೆಗೆಯುವುದಲ್ಲ, ದೊಡ್ಡ ಗೀರಿನ ಜಾಗದಲ್ಲಿ ಸಣ್ಣ ಗೀರು ಹಾಕುತ್ತ ಹೋಗುವುದು. ಗೀರು ಸಣ್ಣದಾದಷ್ಟೂ ಬೆಳಕು ಚದುರುವುದು ಕಡಿಮೆಯಾಗಿ ಹೊಳಪು ಬರುತ್ತದೆ. ಉಳಿದ ಸಣ್ಣ ರಂಧ್ರಗಳನ್ನು ಎಣ್ಣೆ ತುಂಬುತ್ತದೆ. ಮುಗಿದ ಗೆರಟೆಯಲ್ಲಿ ಕಿಟಕಿಯ ಆಕಾರ ಕಾಣುತ್ತದೆ. 220ಕ್ಕೆ ನಿಲ್ಲಿಸಿದ್ದರಲ್ಲಿ ಬರೀ ಬೆಳಕು ಕಾಣುತ್ತದೆ. ‘ಬೆಳಕು’ ಘಟಕದ ಕ್ರಮವಾದ ಪ್ರತಿಫಲನ ಮತ್ತು ಚದುರಿದ ಪ್ರತಿಫಲನಕ್ಕೆ ಇದಕ್ಕಿಂತ ಸುಲಭದ ಉದಾಹರಣೆ ನನಗೆ ಸಿಕ್ಕಿಲ್ಲ.

ಬೆಳ್ತಂಗಡಿ ತಾಲೂಕಿನ ಶಾಲೆಯಲ್ಲಿ ಇದೇ ಪಾಠ ಮಾಡಿದಾಗ ಇನ್ನೊಂದು ತೊಡಕು ಎದುರಾಯಿತು. ಮೌಲ್ಯಮಾಪನದಲ್ಲಿ ಹೆಚ್ಚಿನವರು “ನಯವಾದದ್ದು ಒಳ್ಳೆಯದು, ದೊರಗಾದದ್ದು ಕೆಟ್ಟದ್ದು” ಎಂದು ಬರೆದಿದ್ದರು. ನನ್ನ ಪಾಠವೇ ಆ ತಪ್ಪು ಕಲ್ಪನೆ ಹುಟ್ಟಿಸಿತ್ತು. ಮರುದಿನ ಒಂದೇ ಪ್ರಶ್ನೆ ಕೇಳಿದೆ: ಅಜ್ಜಿಯ ಮನೆಯ ಕಡೆಯುವ ಕಲ್ಲು ನಯವಾದರೆ ಏನು ಮಾಡುತ್ತಾರೆ? ಉಳಿಯಿಂದ ಕುಟ್ಟಿಸುತ್ತಾರೆ ಎಂದು ನಾಲ್ಕೈದು ಮಂದಿ ಒಟ್ಟಿಗೆ ಹೇಳಿದರು. ನಯವಾದ ಕಲ್ಲಿನಲ್ಲಿ ಅಕ್ಕಿ ಜಾರುತ್ತದೆ, ನುಣ್ಣಗಾಗುವುದಿಲ್ಲ. ಅಲ್ಲಿಂದ ಟಯರಿನ ಗೀರುಗಳಿಗೆ, ಮಳೆಗಾಲದ ಪಾಚಿ ಕಟ್ಟಿದ ಅಂಗಳಕ್ಕೆ ಮಾತು ತಾನಾಗಿ ಹೋಯಿತು.

ಮೂಡಬಿದಿರೆಯಲ್ಲಿ ಮೂರನೆಯ ಸಲ ಪಾಠ ಮಾಡುವಾಗ ಬೌಲಿಂಗ್ ಚೆಂಡಿನ ಉದಾಹರಣೆಯನ್ನೂ ಸೇರಿಸಿಕೊಂಡೆ. ಅದನ್ನು ಮಾಲ್‌ಗಳಲ್ಲಿ ಅಥವಾ ಸಿನಿಮಾದಲ್ಲಿ ನೋಡಿದ ಮಕ್ಕಳಿರುತ್ತಾರೆ. ಗರಿಷ್ಠ 16 ಪೌಂಡ್, ಅಂದರೆ ಸುಮಾರು 7.26 ಕಿಲೋ ತೂಗುವ ಆ ಚೆಂಡು 60 ಅಡಿ ಉದ್ದದ, ಎಣ್ಣೆ ಬಳಿದ ಹಾದಿಯಲ್ಲಿ ಉರುಳಬೇಕು. ಆಡುತ್ತ ಆಡುತ್ತ ಅದಕ್ಕೆ ಗೀರು ಬೀಳುತ್ತದೆ, ಎಣ್ಣೆ ಹೀರಿಕೊಳ್ಳುತ್ತದೆ. ಆಟಗಾರರು ಅದನ್ನು ಮತ್ತೆ 500ರಿಂದ 4000ದವರೆಗಿನ ಪ್ಯಾಡುಗಳಲ್ಲಿ, ನಮ್ಮ ಗೆರಟೆಯ ಹಾಗೆಯೇ ಹಂತಹಂತವಾಗಿ ಉಜ್ಜುತ್ತಾರೆ. ಆದರೆ ಎಲ್ಲರೂ ಕೊನೆಯವರೆಗೆ ಹೋಗುವುದಿಲ್ಲ. ಹೊಳೆಯುವ ಚೆಂಡು ಎಣ್ಣೆಯ ಮೇಲೆ ಹೆಚ್ಚು ದೂರ ಜಾರಿ ತಡವಾಗಿ ತಿರುಗುತ್ತದೆ. ಮಂಕಾದ ಚೆಂಡು ಹಾದಿಯನ್ನು ಬೇಗ ಹಿಡಿದು ಬೇಗ ತಿರುಗುತ್ತದೆ. ಎಲ್ಲಿಗೆ ನಿಲ್ಲಿಸಬೇಕೆಂದು ಹೇಳುವುದು ಕೆಲಸ, ಹೊಳಪಲ್ಲ.

ಯೋಜಿಸುವವರಿಗೆ ಎರಡು ಮಾತು. 40 ನಿಮಿಷದ ಒಂದೇ ಅವಧಿಯಲ್ಲಿ ಇದು ಮುಗಿಯುವುದಿಲ್ಲ; ಎರಡು ಅವಧಿ ಇಟ್ಟುಕೊಳ್ಳಿ. ನಾಲ್ವರ ಒಂದು ಗುಂಪಿಗೆ ಒಂದು ಗೆರಟೆ, ಪ್ರತಿಯೊಬ್ಬರಿಗೂ ಒಂದೊಂದು ಹಂತದ ಹೊಣೆ. ಒಂದು ಗುಂಪು ಬೇಕೆಂದೇ 80ರಿಂದ 400ಕ್ಕೆ ಹಾರಲಿ, ಇನ್ನೊಂದು 220ಕ್ಕೆ ನಿಲ್ಲಲಿ. ನಾನು ತಪ್ಪಿನಿಂದ ಕಂಡದ್ದನ್ನು ಮಕ್ಕಳು ಪ್ರಯೋಗದಿಂದ ಕಾಣುತ್ತಾರೆ. ಅಂಕವನ್ನು ಹೊಳಪಿಗೆ ಕೊಡಬೇಡಿ. ಪ್ರತಿ ಹಂತದಲ್ಲಿ ಏನು ಕಂಡರು, ಏಕೆ ಎಂಬ ದಾಖಲೆಗೆ ಕೊಡಿ.

ಬಂಟ್ವಾಳದ ಎರಡನೆಯ ಪಾಠದಲ್ಲಿ ಆ ಹುಡುಗನೇ ಗುಂಪಿನಿಂದ ಗುಂಪಿಗೆ ಹೋಗಿ ಗೆರಟೆಯನ್ನು ಬೆಳಕಿಗೆ ಹಿಡಿದು, “ಇನ್ನೂ ಗೀರು ಉಂಟು, ಮುಂದಿನದ್ದು ಈಗ ಬೇಡ” ಎನ್ನುತ್ತಿದ್ದ. ಅದು ನನ್ನ ಪಾಠಯೋಜನೆಗೂ ಸಲ್ಲುವ ಮಾತು. ಈಗ ಯೋಜನೆಯ ಅಂಚಿನಲ್ಲಿ ಐದು ನಿಮಿಷದ ಜಾಗ ಖಾಲಿ ಬಿಡುತ್ತೇನೆ: “ಇದನ್ನು ಮನೆಯಲ್ಲಿ ಯಾರು ಮಾಡುತ್ತಾರೆ?” ಎಂದು ಕೇಳುವುದಕ್ಕೆ. ಆ ಪ್ರಶ್ನೆಯನ್ನು ಪಾಠದ ಕೊನೆಗಲ್ಲ, ಮೊದಲಿಗೇ ಕೇಳುತ್ತೇನೆ.